ಅಜ್ಜನನ್ನು ಎತ್ತುವ ಕೈಗೆ ಇಎಸ್‌ಐ ಕಾರ್ಡು ಬೇಡವೇ?

ಬೆಳಿಗ್ಗೆ ಏಳು ಗಂಟೆಗೆ ವಿಜಯನಗರದ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತು ನೋಡಿ. ಹೆಗಲಿಗೊಂದು ಚೀಲ, ಅದರೊಳಗೆ ಊಟದ ಡಬ್ಬಿ, ಇನ್ನೊಂದು ಜೊತೆ ಬಟ್ಟೆ. ಈ ಹೆಂಗಸರು ಗಾರ್ಮೆಂಟ್ಸಿಗೆ ಹೊರಟವರಲ್ಲ. ಬಸವೇಶ್ವರನಗರದಲ್ಲೋ ರಾಜಾಜಿನಗರದಲ್ಲೋ ಹಾಸಿಗೆ ಹಿಡಿದ ಅಜ್ಜನನ್ನು, ಮರೆವಿನ ಅಜ್ಜಿಯನ್ನು ನೋಡಿಕೊಳ್ಳಲು ಹೊರಟವರು. ರಾತ್ರಿ ಪಾಳಿ ಮುಗಿಸಿದವರು ಕಣ್ಣುಜ್ಜಿಕೊಂಡು ಎದುರು ಬಸ್ಸಿನಿಂದ ಇಳಿಯುತ್ತಾರೆ. 2023ರ ಜೂನ್‌ನಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ಕೆಂಗೇರಿಯಿಂದ ಬಂದು ಹೋಗುವ ಖರ್ಚೂ ಉಳಿಯಿತು.

ಕೆಲಸಕ್ಕೆ ಬರವಿಲ್ಲ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ ನೂರಕ್ಕೆ ಒಂಬತ್ತೂವರೆ ಮಂದಿ ಅರವತ್ತು ದಾಟಿದವರಿದ್ದರು. ರಾಜಾಜಿನಗರದ ಬ್ಲಾಕುಗಳಲ್ಲಿ ಕಾರ್ಖಾನೆ ಸಂಬಳ ಉಳಿಸಿ ಮನೆ ಕಟ್ಟಿಸಿದವರು ಈಗ ಮುದುಕರಾಗಿದ್ದಾರೆ. ಮಕ್ಕಳು ಅಮೆರಿಕದಲ್ಲೋ ವೈಟ್‌ಫೀಲ್ಡಿನಲ್ಲೋ ಇದ್ದಾರೆ. (ಎರಡೂ ಒಂದೇ ದೂರ ಎನ್ನುವ ಅಪ್ಪಂದಿರೂ ಉಂಟು!)

ಹೀಗಾಗಿ ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ ಹುಡುಗಿ, ಗಾರ್ಮೆಂಟ್ಸ್ ಬಿಟ್ಟ ತಾಯಿ ಏಜೆನ್ಸಿ ಬಾಗಿಲು ತಟ್ಟುತ್ತಾರೆ. ಎಷ್ಟೋ ಕಡೆ ಆಧಾರ್ ಕಾರ್ಡಿನ ಜೆರಾಕ್ಸು, ಎರಡು ಫೋಟೋ ಕೊಟ್ಟರೆ ನಾಳೆಯಿಂದಲೇ ಡ್ಯೂಟಿ. 'ಏನಿದೆಯಮ್ಮಾ, ಮನೆಯಲ್ಲಿ ನಿಮ್ಮತ್ತೇನ ನೋಡ್ಕೊಂಡಿಲ್ವಾ?' ಎಂಬುದೇ ಟ್ರೈನಿಂಗು.

ಎಡವಟ್ಟು ಶುರುವಾಗುವುದೇ ಇಲ್ಲಿ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಹುಣ್ಣೇಳುತ್ತದೆ. ಮಲಗಿಸಿಕೊಂಡೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಸಕ್ಕರೆ ಕಾಯಿಲೆಯವರ ಪಾದವನ್ನು ದಿನಾ ತಿರುಗಿಸಿ ನೋಡಬೇಕು, ಗಾಯ ಆಗಿದ್ದು ಅವರಿಗೇ ತಿಳಿಯದೇ ಇರಬಹುದು. ಮರೆವಿನವರು ತಮ್ಮ ಮನೆಯಲ್ಲೇ ಕೂತು ಸಂಜೆ ಹೊತ್ತಿಗೆ 'ಮನೆಗೆ ಹೋಗ್ಬೇಕು' ಅಂತ ಬಾಗಿಲು ತೆಗೆಯುತ್ತಾರೆ. ಗದರಿದರೆ ಗಾಬರಿ ಇನ್ನೂ ಹೆಚ್ಚುತ್ತದೆ. ಇನ್ನು ಎತ್ತುವ ಕೆಲಸ. ಮಂಡಿ ಬಗ್ಗಿಸಿ, ಮೈಗೆ ಹತ್ತಿರ ಹಿಡಿದು ಎತ್ತಬೇಕು. ಸೊಂಟ ಬಗ್ಗಿಸಿ ಎಳೆದರೆ ಎತ್ತಿದವಳ ಸೊಂಟವೇ ಹೋಗುತ್ತದೆ. ಇದನ್ನೆಲ್ಲ ಕಲಿಸುವ 'ಹೋಮ್ ಹೆಲ್ತ್ ಏಡ್' ತರಬೇತಿ ಸರಕಾರದ ಕೌಶಲ್ಯ ಯೋಜನೆಯಲ್ಲೇ ಇದೆ. ಮೂರ್ನಾಲ್ಕು ತಿಂಗಳ ಸಂಬಳ ಹೋಯಿತು ಅನ್ನಿಸಿದರೂ ಮೊದಲು ಅದನ್ನು ಮುಗಿಸಿ ಬರುವುದೇ ಲೇಸು.

ಆ ಸೊಂಟ ಹಿಡಿದುಕೊಂಡರೆ ಗತಿಯೇನು? ರಾಜಾಜಿನಗರದ ದೊಡ್ಡ ಇಎಸ್‌ಐ ಆಸ್ಪತ್ರೆಯ ಮುಂದೆಯೇ ಎಷ್ಟೋ ಮಂದಿಯ ಬಸ್ಸು ಹೋಗುತ್ತದೆ. ಒಳಗೆ ಹೋಗಲು ಕಾರ್ಡು ಬೇಕಲ್ಲ! ಮಾಗಡಿ ರಸ್ತೆಯಲ್ಲಿ ಹತ್ತು ಹುಡುಗರನ್ನಿಟ್ಟ ಅಂಗಡಿಯವರು ಇಎಸ್‌ಐ ಕಟ್ಟಲೇಬೇಕು, ತಪ್ಪಿದರೆ ನೋಟೀಸು. ಅದಕ್ಕಿಂತ ಎಷ್ಟೋ ಹೆಚ್ಚು ಹೆಂಗಸರನ್ನು ಮನೆಮನೆಗೆ ಕಳಿಸುವ ಏಜೆನ್ಸಿ? ಕಟ್ಟುವವರಿದ್ದಾರೆ, ಇಲ್ಲವೆನ್ನಲಾಗದು. ಕಟ್ಟದವರ ಮಾತು ಒಂದೇ: 'ಅವರು ನಮ್ಮ ಕೆಲಸಗಾರರಲ್ಲ ಸಾರ್, ನಾವು ಕೆಲಸ ಕೊಡಿಸೋರು ಅಷ್ಟೆ.' ಮನೆಯವರನ್ನು ಕೇಳಿದರೆ 'ನಾವು ದುಡ್ಡು ಕೊಡೋದು ಏಜೆನ್ಸಿಗೆ' ಎನ್ನುತ್ತಾರೆ. ನಡುವೆ ಬಿದ್ದವಳು ಅವಳು.

2019ರಲ್ಲಿ ಇಳಿಸಿದ ದರದಂತೆ ನೂರು ರೂಪಾಯಿಗೆ ಮಾಲೀಕರದು ಮೂರು ರೂಪಾಯಿ ಇಪ್ಪತ್ತೈದು ಪೈಸೆ, ಕೆಲಸಗಾರರದು ಎಪ್ಪತ್ತೈದು ಪೈಸೆ. 18 ಸಾವಿರ ಸಂಬಳವೆಂದುಕೊಂಡರೆ ಮಾಲೀಕರು 585, ಅವಳು 135. ಇಷ್ಟಕ್ಕೆ ಇಷ್ಟು ಜಾರಿಕೊಳ್ಳುವುದು!

ಮನೆಗೆಲಸದವರಿಗೆ ಕನಿಷ್ಠ ವೇತನ ಅಂತ 2004ರಲ್ಲೇ ಗೊತ್ತುಮಾಡಿದ ರಾಜ್ಯ ನಮ್ಮದು. 2025ರಲ್ಲಿ ಅವರ ಸಾಮಾಜಿಕ ಭದ್ರತೆಗೆ ಕರಡು ಮಸೂದೆಯೂ ಹೊರಬಂತು. ಕಾಗದಕ್ಕೆ ನಮ್ಮಲ್ಲಿ ಯಾವತ್ತೂ ಕೊರತೆಯಿಲ್ಲ.

ಮನೆಯವರ ಕಷ್ಟವೂ ಸುಳ್ಳಲ್ಲ. ಗುರುತಿಲ್ಲದವರ ಕೈಗೆ ಅಪ್ಪನನ್ನೂ ಬೀಗದ ಕೈಯನ್ನೂ ಒಪ್ಪಿಸಿ ಹೋಗಬೇಕು. ಆದರೆ ಅಜ್ಜಿಗೆಂದು ಬಂದವಳ ಕೈಗೆ ಇಡೀ ಮನೆಯ ಪಾತ್ರೆ ಹಾಕಿ, ವಾರದ ರಜೆಯನ್ನೂ ಕಿತ್ತುಕೊಂಡರೆ ಅವಳು ಎಷ್ಟು ದಿನ ನಿಲ್ಲುತ್ತಾಳೆ? ತಿಂಗಳಿಗೊಂದು ಹೊಸ ಮುಖ ಬಂದರೆ ಕಂಗಾಲಾಗುವುದು ಆ ಮರೆವಿನ ಅಜ್ಜಿಯೇ.

ಹೊಸದಾಗಿ ಸೇರುವವರು ಮೊದಲ ದಿನವೇ ಕೇಳಿ ಬರೆಸಿಕೊಳ್ಳಲಿ: ಎಷ್ಟು ಗಂಟೆ, ವಾರಕ್ಕೆ ಯಾವ ದಿನ ರಜೆ, ಏಜೆನ್ಸಿ ಹಿಡಿದುಕೊಳ್ಳುವುದೆಷ್ಟು, ಮಲಗಲು ಜಾಗ ಎಲ್ಲಿ. ಇಂಜೆಕ್ಷನ್ ಚುಚ್ಚು ಅಂದರೆ 'ಅದು ನರ್ಸಮ್ಮನ ಕೆಲಸ' ಎಂದು ಹೇಳುವ ಧೈರ್ಯವಿರಲಿ. ಇನ್ನು ಅಂಗಡಿಗಳಲ್ಲಿ ಹಾಜರಿ ಪುಸ್ತಕ ಕೇಳುವ ಇನ್ಸ್‌ಪೆಕ್ಟರ್ ಸಾಹೇಬರು ಈ ವಾರ ದಾರಿ ಬದಲಿಸಿ ಒಂದೆರಡು ಏಜೆನ್ಸಿಗಳ ಮೆಟ್ಟಿಲು ಹತ್ತಲಿ. ಬೋರ್ಡುಗಳು ಬಸ್ಸಿನ ಕಿಟಕಿಯಿಂದಲೇ ಕಾಣುತ್ತವೆ.