ಊರ ಬೀದಿಯಲ್ಲಿ ಒಂದು ನಿಮಿಷ

ಬಾಗಲಕೋಟೆಯಿಂದ ಕಲಾದಗಿಯನ್ನು ಹಾದು ಬರುವ ರಸ್ತೆಯು ಲೋಕಾಪುರದಲ್ಲಿ ಕವಲೊಡೆಯುತ್ತದೆ. ಒಂದು ಕವಲು ಮುಧೋಳ, ಜಮಖಂಡಿಗಳ ಕಡೆಗೆ ಹೊರಟರೆ ಇನ್ನೊಂದು ಯಾದವಾಡದ ಮಾರ್ಗವಾಗಿ ಬೆಳಗಾವಿಯ ಸೀಮೆಯನ್ನು ಸೇರುತ್ತದೆ. ಇಂತಹ ಕೂಡುದಾರಿಯ ಊರಿಗೆ ದಾರಿಯೇ ಬದುಕು. ಸಂತೆ, ಅಂಗಡಿ, ಶಾಲೆ, ದವಾಖಾನೆ ಎಲ್ಲವೂ ಅದರ ಎರಡು ಮಗ್ಗುಲುಗಳಲ್ಲಿಯೇ ಬೆಳೆದಿವೆ. ಆದರೆ ಕಬ್ಬು ನುರಿಸುವ ಕಾಲದಲ್ಲಿ ಅಲ್ಲಿ ಅರ್ಧ ಗಂಟೆ ನಿಂತು ನೋಡಿದವರಿಗೆ ಬೇರೆಯೇ ಒಂದು ನೋಟ ಕಾಣುವುದು. ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು, ಅವುಗಳನ್ನು ಹಿಂದಿಕ್ಕಲು ಹವಣಿಸುವ ಬಸ್ಸುಗಳು, ಬಸ್ಸುಗಳ ಸಂದಿನಲ್ಲಿ ನುಸುಳುವ ಮೋಟಾರು ಸೈಕಲ್ಲುಗಳು. ಕೈಚೀಲ ಹಿಡಿದ ಅಜ್ಜಿಯೊಬ್ಬಳು ಆಚೆಯ ಬದಿಗೆ ಹೋಗಬೇಕಾಗಿದೆ. ಒಂದು ಹೆಜ್ಜೆ ಮುಂದಿಡುತ್ತಾಳೆ, ಹಾರ್ನು ಕೇಳಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾಳೆ. ಅವಳು ದಾಟಬೇಕಾದ ದೂರ ಹತ್ತಿಪ್ಪತ್ತು ಹೆಜ್ಜೆಗಿಂತ ಹೆಚ್ಚಿಲ್ಲ.

ಊರೊಳಗಿನ ಈ ಅವಸರವನ್ನು ನಾವು ಪ್ರಗತಿಯ ಲಕ್ಷಣವೆಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಹಾಗೆ ಒಪ್ಪಿಕೊಳ್ಳುವ ಮೊದಲು ಲೆಕ್ಕ ಹಾಕಿ ನೋಡಬೇಕಾಗಿತ್ತು ಎಂಬುದೇ ಈ ಲೇಖನದ ವಾದ. ಜನವಸತಿಯ ನಡುವೆ ಹಾಯುವ ಬೀದಿಯಲ್ಲಿ ವಾಹನಗಳು ಗಂಟೆಗೆ ೩೦ ಕಿಲೋಮೀಟರನ್ನು ಮೀರಕೂಡದು, ಮತ್ತು ಅವು ಮೀರಲಾಗದಂತೆ ಬೀದಿಯನ್ನೇ ಕಟ್ಟಬೇಕು ಎಂದು ನಾವು ಹೇಳುತ್ತೇವೆ.

'ಊರು ದೊಡ್ಡದಾದಂತೆ ಜನರ ನಡಿಗೆಯೂ ಬಿರುಸಾಗುತ್ತದೆ' ಎಂದು ಹಿರಿಯರು ಹೇಳಿದರೆ ಅದನ್ನು ಮುಪ್ಪಿನ ಗೊಣಗಾಟವೆಂದು ನಗುವವರುಂಟು. ಆದರೆ ಇದನ್ನು ಅಳೆದು ನೋಡಿದ್ದಾರೆ. ೧೯೭೬ರಲ್ಲಿ ಬಾರ್ನ್‌ಸ್ಟೈನ್ ದಂಪತಿಗಳು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಲೇಖನವೊಂದರಲ್ಲಿ ಆರು ದೇಶಗಳ ಹದಿನೈದು ಊರುಗಳ ಪಾದಚಾರಿಗಳ ವೇಗವನ್ನು ಕೊಟ್ಟಿದ್ದಾರೆ. ಜನಸಂಖ್ಯೆ ಹೆಚ್ಚಿದಂತೆ ಕಾಲ್ನಡಿಗೆಯ ವೇಗವೂ ಏರುತ್ತ ಹೋಗುವುದು ಅದರಲ್ಲಿ ಸ್ಪಷ್ಟವಾಗಿದೆ. ೧೯೯೯ರಲ್ಲಿ ರಾಬರ್ಟ್ ಲೆವಿನ್ ಮತ್ತು ಆರಾ ನೊರೆಂಜಾಯನ್ ಎಂಬ ಮನಶ್ಶಾಸ್ತ್ರಜ್ಞರು ೩೧ ದೇಶಗಳ ದೊಡ್ಡ ನಗರಗಳಲ್ಲಿ ನಡಿಗೆಯ ವೇಗ, ಅಂಚೆ ಗುಮಾಸ್ತನು ಒಂದು ಚೀಟಿಯನ್ನು ಮಾರಲು ತೆಗೆದುಕೊಳ್ಳುವ ಹೊತ್ತು, ಸಾರ್ವಜನಿಕ ಗಡಿಯಾರಗಳ ನಿಖರತೆ ಈ ಮೂರನ್ನೂ ಅಳೆದರು. ಗತಿ ಹೆಚ್ಚಿದ ಸ್ಥಳಗಳಲ್ಲಿ ಹೃದ್ರೋಗದಿಂದ ಸಾಯುವವರ ಪ್ರಮಾಣವೂ ಧೂಮಪಾನವೂ ಹೆಚ್ಚಾಗಿರುವುದು ಅವರಿಗೆ ಕಂಡುಬಂತು. ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ವಾದಕ್ಕೆ ಅನುಕೂಲವಾದೀತು. ಆದರೆ ಅದು ಪ್ರಾಮಾಣಿಕವಾಗದು. ಅದೇ ಬಿರುಸಿನ ಸ್ಥಳಗಳ ಜನರು ತಾವು ಹೆಚ್ಚು ಸುಖಿಗಳೆಂದು ಹೇಳಿಕೊಂಡದ್ದೂ ಅದೇ ಅಧ್ಯಯನದಲ್ಲಿದೆ. ಬಿರುಸಿನ ಊರಿನಲ್ಲಿ ಕೆಲಸ ಸಿಗುತ್ತದೆ, ಕೂಲಿ ಸಿಗುತ್ತದೆ, ವಿದ್ಯೆಯೂ ಸಿಗುತ್ತದೆ. ಆದುದರಿಂದ ಬದುಕಿನ ಸಕಲ ವ್ಯಾಪಾರವನ್ನೂ ಎತ್ತಿನ ಗಾಡಿಯ ಕಾಲಕ್ಕೆ ಹಿಂತಿರುಗಿಸೋಣವೆಂಬ ಉಪದೇಶ ನಮ್ಮದಲ್ಲ. ಎತ್ತಿನ ಗಾಡಿಯ ಕಾಲದಲ್ಲಿ ಹೆರಿಗೆಯ ನೋವು ತಿನ್ನುವ ಹೆಂಗಸು ದವಾಖಾನೆಯನ್ನು ಮುಟ್ಟುತ್ತಿರಲಿಲ್ಲ ಎಂಬುದನ್ನು ನಾವು ಮರೆತಿಲ್ಲ.

ನಮ್ಮ ಪ್ರಶ್ನೆ ಇಷ್ಟೇ: ಬೀದಿಯಲ್ಲಿ ನಾವು ಪಡುವ ಅವಸರವು ನಿಜವಾಗಿ ನಮ್ಮನ್ನು ಬೇಗ ಮುಟ್ಟಿಸುತ್ತದೆಯೆ?

ನಮ್ಮ ಭಾಗದ ತರುಣರು ಓದು ಮುಗಿಸಿ ಹೋಗುವುದು ಬಹುಮಟ್ಟಿಗೆ ಬೆಂಗಳೂರಿಗೆ. ಅಲ್ಲಿಯ ಲೆಕ್ಕವನ್ನೇ ನೋಡೋಣ. ಟಾಮ್‌ಟಾಮ್ ಎಂಬ ಸಂಸ್ಥೆಯು ೨೦೨೩ನೆಯ ವರ್ಷಕ್ಕೆ ಪ್ರಕಟಿಸಿದ ಸಂಚಾರ ಸೂಚಿಯ ಪ್ರಕಾರ ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರು ಸಾಗಲು ಸರಾಸರಿ ೨೮ ನಿಮಿಷ ೧೦ ಸೆಕೆಂಡು ಹಿಡಿಯಿತು. ಭಾಗಿಸಿ ನೋಡಿದರೆ ಅದು ಗಂಟೆಗೆ ೨೧ ಕಿಲೋಮೀಟರಿಗೆ ತುಸು ಹೆಚ್ಚು. ಗಟ್ಟಿ ಕಾಲುಗಳುಳ್ಳ ಕಾಲೇಜು ವಿದ್ಯಾರ್ಥಿಯೊಬ್ಬನು ಸೈಕಲ್ಲಿನ ಮೇಲೆ ಇದೇ ವೇಗವನ್ನು ಸಾಧಿಸಬಲ್ಲನು. ನೂರು ಅಶ್ವಶಕ್ತಿಯ ಯಂತ್ರದೊಳಗೆ ಕುಳಿತು, ಒಂದು ದೀಪದಿಂದ ಮತ್ತೊಂದು ದೀಪದವರೆಗೆ ಭರ್ರನೆ ಧಾವಿಸಿ, ಅಲ್ಲಿ ನಿಂತು, ಮತ್ತೆ ಧಾವಿಸಿ, ಕಡೆಗೆ ಸೈಕಲ್ಲಿನ ವೇಗವನ್ನು ಸಂಪಾದಿಸುವುದು! ಧಾವಂತ ಬೇರೆ, ವೇಗ ಬೇರೆ.

ಇನ್ನು ಲೋಕಾಪುರದಂತಹ ಊರಿಗೆ ಬರೋಣ. ರಸ್ತೆಯು ಜನವಸತಿಯ ನಡುವೆ ಒಂದು ಕಿಲೋಮೀಟರು ಹಾಯುತ್ತದೆಂದು ಇಟ್ಟುಕೊಳ್ಳಿ. ಗಂಟೆಗೆ ೬೦ ಕಿಲೋಮೀಟರಿನ ವೇಗದಲ್ಲಿ ಅದನ್ನು ದಾಟಲು ಒಂದು ನಿಮಿಷ ಬೇಕು. ೩೦ರ ವೇಗದಲ್ಲಿ ಎರಡು ನಿಮಿಷ ಬೇಕು. ಹೆಚ್ಚಿನ ವೇಗದಿಂದ ಉಳಿತಾಯವಾಗುವುದು ಒಂದೇ ಒಂದು ನಿಮಿಷ. ಅದೂ ದಾರಿಯಲ್ಲಿ ದನ, ಹೊಂಡ, ಎದುರು ಬಸ್ಸು ಯಾವುದೂ ಅಡ್ಡಬಾರದಿದ್ದರೆ.

ಈ ಒಂದು ನಿಮಿಷಕ್ಕೆ ತೆರುವ ಬೆಲೆಯನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಕಂಡುಹಿಡಿಯಬಹುದು. ಅಪಾಯವನ್ನು ಕಂಡ ಚಾಲಕನ ಕಣ್ಣು ಮಿದುಳಿಗೆ ತಿಳಿಸಿ, ಮಿದುಳು ಕಾಲಿಗೆ ಅಪ್ಪಣೆ ಕೊಟ್ಟು, ಕಾಲು ಬ್ರೇಕನ್ನು ಒತ್ತುವುದಕ್ಕೆ ಸುಮಾರು ಒಂದು ಸೆಕೆಂಡು ಬೇಕು. ಅಲ್ಲಿಯವರೆಗೆ ವಾಹನವು ಮೊದಲಿನ ವೇಗದಲ್ಲಿಯೇ ಓಡುತ್ತಿರುತ್ತದೆ. ೩೦ರ ವೇಗವೆಂದರೆ ಸೆಕೆಂಡಿಗೆ ಸುಮಾರು ೮.೩ ಮೀಟರು, ೬೦ ಎಂದರೆ ಸುಮಾರು ೧೬.೭ ಮೀಟರು. ಒಣ ರಸ್ತೆಯ ಮೇಲೆ ಒಳ್ಳೆಯ ಬ್ರೇಕು ಸೆಕೆಂಡಿಗೆ ಸೆಕೆಂಡಿಗೆ ೭ ಮೀಟರಿನಷ್ಟು ವೇಗವನ್ನು ತಗ್ಗಿಸುವುದೆಂದು ಹಿಡಿಯೋಣ. ಆಗ ೩೦ರಲ್ಲಿ ಬರುವ ಕಾರು ಒಟ್ಟು ಸುಮಾರು ೧೩ ಮೀಟರಿನಲ್ಲಿ ನಿಲ್ಲುತ್ತದೆ. ೬೦ರಲ್ಲಿ ಬರುವುದಕ್ಕೆ ೩೬ ಮೀಟರಿಗೂ ಹೆಚ್ಚು ಬೇಕು.

ಈಗ ಹದಿನೈದು ಮೀಟರು ಮುಂದೆ, ನಿಂತ ಟ್ರೇಲರಿನ ಮರೆಯಿಂದ ಮಗುವೊಂದು ಚೆಂಡಿನ ಹಿಂದೆ ಓಡಿಬಂತೆಂದು ಭಾವಿಸಿರಿ. ೩೦ರಲ್ಲಿ ಬರುತ್ತಿದ್ದ ಚಾಲಕನು ಮಗುವಿಗೆ ಸುಮಾರು ಎರಡು ಮೀಟರು ಈಚೆಯೇ ನಿಲ್ಲಿಸಿ, ಬೈದು, ಮುಂದೆ ಹೋಗುತ್ತಾನೆ. ೬೦ರಲ್ಲಿ ಬಂದವನ ಕಾಲು ಬ್ರೇಕನ್ನು ಮುಟ್ಟುವ ಮೊದಲೇ ಹದಿನೈದು ಮೀಟರು ಮುಗಿದುಹೋಗಿರುತ್ತದೆ. ಅವನು ಎಷ್ಟೇ ನಿಪುಣನಾಗಿರಲಿ, ಮಗುವಿಗೆ ತಾಗುವುದು ಪೂರ್ಣ ಅರವತ್ತರ ವೇಗವೇ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುವುದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ೩೦ರ ವೇಗದ ಆಘಾತವು ಮೂರೂವರೆ ಮೀಟರು ಎತ್ತರದಿಂದ, ಅಂದರೆ ಒಂದು ಮಾಳಿಗೆಯ ಮೇಲಿಂದ, ಬಿದ್ದುದಕ್ಕೆ ಸಮ. ೬೦ರದು ಹದಿನಾಲ್ಕು ಮೀಟರು ಎತ್ತರದಿಂದ ಬಿದ್ದುದಕ್ಕೆ ಸಮ. ಮೊದಲನೆಯದರಿಂದ ಕೈಕಾಲು ಮುರಿದೀತು. ಎರಡನೆಯದರಿಂದ ಬದುಕುವ ಭರವಸೆ ಕಡಿಮೆ. ಚಾಲಕರಿಗೆ ನೀತಿಬೋಧೆ ಮಾಡಿ ಈ ಅಂಕಿಗಳನ್ನು ಬದಲಾಯಿಸಲು ಸಾಧ್ಯವಿಲ್ಲ.

ಇದಕ್ಕೆ ಒಂದು ಆಕ್ಷೇಪವುಂಟು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಬ್ಬಿನ ಗಾಡಿಯವನ ಅವಸರಕ್ಕೆ ರಸಾಯನಶಾಸ್ತ್ರದ ಆಧಾರವಿದೆ. ಕಬ್ಬನ್ನು ಕಡಿದ ಗಳಿಗೆಯಿಂದಲೇ ಅದರೊಳಗಿನ ಇನ್ವರ್ಟೇಸ್ ಎಂಬ ಕಿಣ್ವವು ಸುಕ್ರೋಸನ್ನು ಒಡೆದು ಗ್ಲುಕೋಸ್ ಮತ್ತು ಫ್ರುಕ್ಟೋಸುಗಳನ್ನಾಗಿ ಮಾಡತೊಡಗುತ್ತದೆ. ಇವು ಸುಕ್ರೋಸಿನಂತೆ ಹರಳುಗಟ್ಟುವುದಿಲ್ಲ, ಕಾಕಂಬಿಯ ಪಾಲಾಗುತ್ತವೆ. ಬಿಸಿಲು ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುತ್ತದೆ, ಕಬ್ಬು ಒಣಗಿ ತೂಕವೂ ಇಳಿಯುತ್ತದೆ. ತೂಕದ ಮೇಲೆ ಹಣ ಎಣಿಸಿಕೊಳ್ಳುವ ರೈತನೂ ಖೇಪಿನ ಮೇಲೆ ಕೂಲಿ ಪಡೆಯುವ ಚಾಲಕನೂ ಧಾವಿಸದೆ ಇನ್ನೇನು ಮಾಡಿಯಾರು? ರಬಕವಿ-ಬನಹಟ್ಟಿಯ ನೇಕಾರರದೂ ಇದೇ ಕಥೆ. ನೇಯ್ದಷ್ಟಕ್ಕೆ ಕೂಲಿ ಪಡೆಯುವವನು ವಿದ್ಯುತ್ ಮಗ್ಗವನ್ನು ನಿಲ್ಲಿಸಿ ಕಟ್ಟೆಯ ಮೇಲೆ ಕುಳಿತರೆ ಅಂದಿನ ರೊಟ್ಟಿಗೆ ಸಂಚಕಾರ. 'ನಿಧಾನವಾಗಿ ಬಾಳಿರಿ' ಎಂಬ ಬೋಧೆಯು ತಿಂಗಳ ಸಂಬಳದವರ ಬಾಯಿಂದಲೇ ಹೆಚ್ಚಾಗಿ ಬರುವುದಕ್ಕೆ ಕಾರಣವುಂಟಷ್ಟೆ!

ಆದರೆ ಕಬ್ಬಿನ ಪ್ರಯಾಣವನ್ನು ಕಡೆಯತನಕ ಹಿಂಬಾಲಿಸಿ ನೋಡಬೇಕು. ಊರನ್ನು ಧಾವಿಸಿ ದಾಟಿದ ಆ ಟ್ರ್ಯಾಕ್ಟರು ಕಾರ್ಖಾನೆಯ ಹೊರಗೆ ಸಾಲಿನಲ್ಲಿ ನಿಲ್ಲುತ್ತದೆ. ಹಂಗಾಮಿನ ಭರದಲ್ಲಿ ಆ ಸಾಲು ಗಂಟೆಗಟ್ಟಲೆ ಕರಗುವುದಿಲ್ಲ; ಚಾಲಕನು ಗಾಡಿಯ ಕೆಳಗೆ ಕಂಬಳಿ ಹಾಸಿ ಮಲಗುವುದೂ ಉಂಟು. ಊರೊಳಗೆ ಒಂದು ನಿಮಿಷ ಉಳಿಸಿದವನು ಕಾರ್ಖಾನೆಯ ಬಾಗಿಲಿನಲ್ಲಿ ಅರ್ಧ ದಿನವನ್ನು ಕಳೆಯುತ್ತಾನೆ. ಸುಕ್ರೋಸನ್ನು ಉಳಿಸಬೇಕಾದರೆ ಕಡಿಯುವ ಸರದಿಯನ್ನೂ ಸಾಗಿಸುವ ಸರದಿಯನ್ನೂ ನುರಿಸುವ ಸಾಮರ್ಥ್ಯಕ್ಕೆ ಸರಿಯಾಗಿ ಹೊಂದಿಸಬೇಕು. ಆ ಕೆಲಸ ಕಚೇರಿಯಲ್ಲಿ ಕುಳಿತವರದು. ಅದನ್ನು ಮಾಡದೆ ಇಡೀ ವ್ಯವಸ್ಥೆಯ ಅವಸರವನ್ನು ಟ್ರ್ಯಾಕ್ಟರಿನ ಚಾಲಕನ ಬಲಗಾಲಿನ ಮೇಲೂ ರಸ್ತೆ ದಾಟುವ ಅಜ್ಜಿಯ ಎದೆಯ ಮೇಲೂ ಹೇರಿದ್ದೇವೆ.

ಬೀದಿಯ ಗತಿಗೂ ನೆರೆಹೊರೆಯ ಬದುಕಿಗೂ ಇರುವ ನಂಟನ್ನು ತೋರಿಸಿಕೊಟ್ಟವರಲ್ಲಿ ಡೊನಾಲ್ಡ್ ಆ್ಯಪಲ್‌ಯಾರ್ಡ್ ಎಂಬ ನಗರಯೋಜನಾ ತಜ್ಞರ ಹೆಸರು ದೊಡ್ಡದು. ಅವರೂ ಮಾರ್ಕ್ ಲಿಂಟೆಲ್ ಎಂಬ ಸಹೋದ್ಯೋಗಿಯೂ ಸ್ಯಾನ್ ಫ್ರಾನ್ಸಿಸ್ಕೊ ನಗರದ ಮೂರು ಬೀದಿಗಳನ್ನು ಆರಿಸಿಕೊಂಡರು. ಮೂರರ ಮನೆಗಳೂ ನೋಟಕ್ಕೆ ಒಂದೇ ಬಗೆ. ಒಂದರಲ್ಲಿ ದಿನಕ್ಕೆ ಸುಮಾರು ೨,೦೦೦ ವಾಹನಗಳು, ಇನ್ನೊಂದರಲ್ಲಿ ೮,೦೦೦, ಮೂರನೆಯದರಲ್ಲಿ ೧೬,೦೦೦ ಹಾಯುತ್ತಿದ್ದವು. ಅಲ್ಲಿನ ನಿವಾಸಿಗಳನ್ನು ನಿಮ್ಮ ಬೀದಿಯಲ್ಲಿ ನಿಮಗೆಷ್ಟು ಜನ ಗೆಳೆಯರಿದ್ದಾರೆಂದು ಕೇಳಲಾಯಿತು. ಶಾಂತವಾದ ಬೀದಿಯಲ್ಲಿ ಸರಾಸರಿ ಮೂವರು ಗೆಳೆಯರು. ದಟ್ಟಣೆಯ ಬೀದಿಯಲ್ಲಿ ಒಬ್ಬನೂ ಪೂರ್ತಿ ಇಲ್ಲ, ೦.೯! ಬರಿಯ ಪರಿಚಯಸ್ಥರ ಸಂಖ್ಯೆಯೂ ೬.೩ರಿಂದ ೩.೧ಕ್ಕೆ ಇಳಿದಿತ್ತು. ೧೯೭೨ರಲ್ಲಿ ಈ ಫಲಿತಾಂಶಗಳು ಅಚ್ಚಾದವು. ಮೂರೇ ಬೀದಿಗಳ ಅಧ್ಯಯನದಿಂದ ಜಗತ್ತಿಗೆಲ್ಲ ನಿಯಮ ಬರೆಯಲಾಗದು, ನಿಜ. ವಾಹನಗಳಿಂದ ಗೆಳೆತನ ಕುಗ್ಗಿತೋ ಅಥವಾ ಗೆಳೆತನ ಬೇಕೆಂಬವರು ಅಲ್ಲಿಂದ ಬಿಟ್ಟುಹೋದರೋ ಎಂಬುದನ್ನೂ ವಿಚಾರಿಸಬೇಕು. ಆದರೂ ರಸ್ತೆಯ ಆಚೆ ಬದಿಯ ಮನೆಯವರ ಹೆಸರು ಮರೆತ ನಮಗೆ ಆ ಅಂಕಿಗಳು ಅಪರಿಚಿತವೆನಿಸುವುದಿಲ್ಲ. ಜನರ ಪಾಲಿಗೆ ಬೀದಿಯನ್ನು ಮರಳಿ ಕೊಡಿಸಲು ದುಡಿದ ಈ ಆ್ಯಪಲ್‌ಯಾರ್ಡರು ೧೯೮೨ರಲ್ಲಿ ಅಥೆನ್ಸ್ ನಗರದಲ್ಲಿ ವೇಗವಾಗಿ ಬಂದ ಮೋಟಾರೊಂದು ಬಡಿದು ತೀರಿಕೊಂಡರು.

ನಮ್ಮ ಬಯಲುಸೀಮೆಯ ಮನೆಗಳಿಗೆ ಮುಂದೆ ಕಟ್ಟೆಯಿರುವುದು ಬರಿಯ ಅಲಂಕಾರಕ್ಕಲ್ಲ. ಸಂಜೆ ಬಿಸಿಲು ಇಳಿದ ಮೇಲೆ ಜೋಳದ ಧಾರಣೆ, ಮಗಳ ಮದುವೆ, ನೀರಿನ ಸರದಿ, ಯಾರ ಮನೆಯಲ್ಲಿ ಜ್ವರ ಎಂಬೆಲ್ಲ ಸುದ್ದಿಯೂ ಅಲ್ಲಿಯೇ ವಿನಿಮಯವಾಗುತ್ತಿತ್ತು. ಈಗಲೂ ಒಳಓಣಿಗಳಲ್ಲಿ ಹಾಗೆ ಆಗುತ್ತದೆ. ದೊಡ್ಡ ರಸ್ತೆಗೆ ಮುಖ ಮಾಡಿದ ಮನೆಗಳಲ್ಲಿ ಧೂಳು, ಹೊಗೆ, ಹಾರ್ನುಗಳ ದೆಸೆಯಿಂದ ಕಟ್ಟೆ ಬರಿದಾಗಿದೆ, ಇಲ್ಲವೆ ಅಂಗಡಿಯಾಗಿದೆ. ಇಟಲಿಯಲ್ಲಿ ೧೯೯೯ರಲ್ಲಿ ನಾಲ್ಕು ಸಣ್ಣ ಪಟ್ಟಣಗಳು ಸೇರಿ 'ಚಿಟ್ಟಾಸ್ಲೋ' ಎಂಬ ನಿಧಾನ ನಗರಗಳ ಒಕ್ಕೂಟವನ್ನು ಕಟ್ಟಿದವು. ಐವತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಮಾತ್ರ ಅದರಲ್ಲಿ ಪ್ರವೇಶ. ಬಸವನಹುಳುವಿನ ಅದರ ಲಾಂಛನ ನಮಗೆ ಬೇಕಾಗಿಲ್ಲ. ಅಲ್ಲಿಯವರು ಹಣ ಕೊಟ್ಟು, ಸಭೆ ಸೇರಿಸಿ ಮರಳಿ ಪಡೆಯಲು ಯತ್ನಿಸುತ್ತಿರುವುದು ನಮ್ಮಲ್ಲಿ ಇನ್ನೂ ಪೂರ್ತಿ ಕಳೆದಿಲ್ಲ ಎಂಬುದನ್ನಷ್ಟೇ ಗಮನಿಸಿದರೆ ಸಾಕು.

ಹಾಗಾದರೆ ಮಾಡಬೇಕಾದುದೇನು? '೩೦' ಎಂದು ಬರೆದ ತಗಡಿನ ಫಲಕವೊಂದನ್ನು ನೆಟ್ಟು ಫೋಟೋ ತೆಗೆಸಿಕೊಂಡರೆ ಏನೂ ಆಗದು. ಚಾಲಕನ ಕಾಲು ಫಲಕವನ್ನು ಓದುವುದಿಲ್ಲ, ರಸ್ತೆಯನ್ನು ಓದುತ್ತದೆ. ಅಗಲವಾದ, ನೇರವಾದ, ನುಣುಪಾದ ಡಾಂಬರು ರಸ್ತೆಯು 'ಓಡು' ಎನ್ನುತ್ತದೆ. ಊರು ಬಂದೊಡನೆ ಗಾಡಿದಾರಿ ಕಿರಿದಾಗಬೇಕು. ಶಾಲೆ, ಬಸ್ ನಿಲ್ದಾಣಗಳ ಮುಂದೆ ಜನರು ದಾಟುವ ಜಾಗ ಪಾದಚಾರಿ ಕಟ್ಟೆಯ ಮಟ್ಟಕ್ಕೆ ಎತ್ತರವಾಗಬೇಕು. ಬದಿಯಲ್ಲಿ ಬೇವು, ಹೊಂಗೆಗಳ ನೆರಳಿರಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ನೆರಳಿಲ್ಲದೆ ಯಾರೂ ನಿಧಾನವಾಗಿ ನಡೆಯಲಾರರು. ೧೯೮೮ರ ಮೋಟಾರು ವಾಹನ ಕಾಯಿದೆಯ ೧೧೨ನೆಯ ಕಲಮು ಜನರ ಸುರಕ್ಷತೆಗಾಗಿ ಇಂತಿಂತಹ ರಸ್ತೆಯಲ್ಲಿ ವೇಗವನ್ನು ಮಿತಗೊಳಿಸುವ ಅಧಿಕಾರವನ್ನು ರಾಜ್ಯಕ್ಕೆ ಕೊಟ್ಟೇ ಇದೆ. ೨೦೨೦ರ ಸ್ಟಾಕ್‌ಹೋಮ್ ಘೋಷಣೆಯೂ ಜನರೂ ವಾಹನಗಳೂ ಬೆರೆಯುವಲ್ಲಿ ೩೦ನ್ನೇ ಎಲ್ಲೆಯಾಗಿ ಹೇಳಿದೆ. ಇದನ್ನು ಕೈಗೊಂಡ ಹೆಲ್ಸಿಂಕಿಯಲ್ಲಿ ಅರ್ಧಕ್ಕೂ ಹೆಚ್ಚು ಬೀದಿಗಳಲ್ಲಿ ಇದೇ ಮಿತಿಯಿದೆ. ಆರೂವರೆ ಲಕ್ಷಕ್ಕೂ ಮೀರಿದ ಜನರಿರುವ ಆ ನಗರದಲ್ಲಿ ೨೦೨೪ರ ಜುಲೈಯಿಂದ ೨೦೨೫ರ ಜುಲೈವರೆಗಿನ ಒಂದು ವರ್ಷದಲ್ಲಿ ರಸ್ತೆ ಅಪಘಾತದಿಂದ ಒಬ್ಬರೂ ಸಾಯಲಿಲ್ಲ. ಅಲ್ಲಿನ ಬಸ್ಸು, ಟ್ರಾಮುಗಳ ಸೌಕರ್ಯಕ್ಕೂ ಇದರಲ್ಲಿ ಪಾಲುಂಟು.

ದೂರದ ಮಾತೇಕೆ, ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿಯೇ ೨೦೨೦ರ ನವೆಂಬರಿನಿಂದ ಕೆಲವು ತಿಂಗಳ ಕಾಲ ವಾರಾಂತ್ಯಗಳಲ್ಲಿ ವಾಹನಗಳನ್ನು ತಡೆದು ಬೀದಿಯನ್ನು ನಡೆಯುವವರಿಗೆ ಬಿಡಲಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅದನ್ನು ಅಧ್ಯಯನ ಮಾಡಿದರು. ಸಂತೆಯ ದಿನ ಕೆಲವು ತಾಸು ಪೇಟೆಯ ಒಂದು ಓಣಿಯನ್ನು ಹಾಗೆಯೇ ಬಿಟ್ಟುಕೊಟ್ಟು ನೋಡಲು ನಮ್ಮ ಊರುಗಳಿಗೆ ವಿಶೇಷ ವೆಚ್ಚವೇನೂ ತಗಲದು. ಊರ ಹೊರಗಿನಿಂದ ಬಳಸುದಾರಿ ಮಾಡಿದರೆ ಎಲ್ಲವೂ ಸರಿಹೋಗುವುದೆಂದು ಕೆಲವರು ಹೇಳುತ್ತಾರೆ. ಅದೂ ಬೇಕು, ಆದರೆ ಬಳಸುದಾರಿಯ ಬದಿಗೆ ಅಂಗಡಿ ಸಾಲುಗಳು ಹೊರಟು, ಹತ್ತು ವರ್ಷದಲ್ಲಿ ಅದೂ ಊರ ಬೀದಿಯೇ ಆಗಿರುವುದನ್ನು ನಾವು ಹಲವೆಡೆ ನೋಡಿದ್ದೇವೆ.

ನಾವು ಹೇಳಿದುದನ್ನು ನಂಬಿಕೆಯ ಮೇಲೆ ಒಪ್ಪಬೇಕೆಂದು ವಿದ್ಯಾರ್ಥಿ ಮಿತ್ರರನ್ನು ಕೇಳುವುದಿಲ್ಲ. ನಿಮ್ಮ ಶಾಲೆಯ ಮುಂದಿನ ರಸ್ತೆಯ ಬದಿಯಲ್ಲಿ, ರಸ್ತೆಗೆ ಇಳಿಯದೆ, ಅಳತೆಯ ಪಟ್ಟಿಯಿಂದ ೫೦ ಮೀಟರು ಗುರುತು ಹಾಕಿರಿ. ಮೊದಲ ಗುರುತನ್ನು ವಾಹನ ದಾಟುವಾಗ ಒಬ್ಬನು ಕೈಯೆತ್ತಲಿ, ಎರಡನೆಯದರ ಬಳಿ ಇನ್ನೊಬ್ಬನು ಗಡಿಯಾರ ಹಿಡಿದು ನಿಲ್ಲಲಿ. ಆರು ಸೆಕೆಂಡು ತೆಗೆದುಕೊಂಡ ವಾಹನವು ೩೦ರಲ್ಲಿದೆ. ಮೂರು ಸೆಕೆಂಡು ತೆಗೆದುಕೊಂಡದ್ದು ೬೦ರಲ್ಲಿದೆ. ಶಾಲೆ ಬಿಡುವ ಹೊತ್ತಿನಲ್ಲಿ ನೂರು ವಾಹನಗಳನ್ನು ಎಣಿಸಿ ಪಟ್ಟಿ ಮಾಡಿರಿ. ಅದರ ಒಂದು ಪ್ರತಿಯನ್ನು ಪಂಚಾಯಿತಿಯ ಕಚೇರಿಗೆ ಕೊಟ್ಟು, ಸ್ವೀಕರಿಸಿದ್ದಕ್ಕೆ ಮೊಹರು ಹಾಕಿಸಿಕೊಳ್ಳಿರಿ. ಮನೆಗೆ ಹಿಂತಿರುಗುವಾಗ ಅಜ್ಜನನ್ನೋ ಅಜ್ಜಿಯನ್ನೋ ಒಂದು ಮಾತು ಕೇಳಿರಿ: ನೀವು ನಮ್ಮಷ್ಟು ಚಿಕ್ಕವರಿದ್ದಾಗ ಈ ರಸ್ತೆಯ ಆಚೆ ಬದಿಯಲ್ಲಿ ಎಷ್ಟು ಮನೆಗಳೊಳಗೆ ಕೇಳದೆ ಹೋಗಿ ನೀರು ಕುಡಿಯುತ್ತಿದ್ದಿರಿ? ಆ ಸಂಖ್ಯೆಯನ್ನೂ ನಿಮ್ಮದನ್ನೂ ಅದೇ ಹಾಳೆಯ ಹಿಂಬದಿಗೆ ಬರೆದಿಟ್ಟುಕೊಳ್ಳಿರಿ.