ಮನಿ ಕೆಲಸಾನ ವ್ಯಾಯಾಮ ಅನ್ನೂ ಮಾತು ನಾಡಿ ಒಪ್ಪೂದಿಲ್ಲ

ನಮ್ಮ ಕಡೆ ಹೆಣ್ಣಮಕ್ಕಳು ವಾಕಿಂಗ್ ಹೊಂಟರ ಮನ್ಯಾಗ ಮೊದಲ ಬರೂ ಮಾತು ಯಾವುದು, ನಿಮಗೂ ಗೊತ್ತದ. "ಇಡೀ ದಿನಾ ಮನ್ಯಾಗ ಓಡಾಡತೀ, ಮತ್ತ ಬ್ಯಾರೆ ವಾಕಿಂಗ್ ಯಾಕ?" ಅತ್ತಿಯವರು ಅಂತಾರ, ಯಜಮಾನ್ರು ಅಂತಾರ, ಕಡೀಕ ನಮಗ ನಾವ ಅಂದಕೋತೇವಿ. ಮುಂಜಾನೆ ಹಾಸಿಗಿ ಬಿಟ್ಟಾಗಿಂದ ರಾತ್ರಿ ಹಾಲಿಗೆ ಹೆಪ್ಪು ಹಾಕೂತನಕಾ ಕಾಲ ಮ್ಯಾಲನ ಇರತೇವಿ, ಇನ್ನ ನಮಗೆಂಥಾ ವ್ಯಾಯಾಮ ಅಂತ. ಈ ಮಾತು ಖರೇ ಅಲ್ಲ ಅಂತ ನನ್ನ ಅಭಿಪ್ರಾಯ. ಅದನ್ನ ತೋರಸಲಿಕ್ಕೆ ಈಗ ಎಲ್ಲಾರ ಕೈಯಾಗೂ ಒಂದು ಸಾಧನ ಬಂದದ, ಎದಿ ಬಡಿತ ಎಣಿಸೂ ಗಡಿಯಾರ. ಮಕ್ಕಳು ಹುಟ್ಟುಹಬ್ಬಕ್ಕ ಕೊಡಸತಾರ, ನಾವು ತೂಕಾ ಇಳೀತದ ಅಂತ ಕಟಗೋತೇವಿ. ತೂಕಾ ಇಳಸೂದು ಅದರ ಕೆಲಸಲ್ರಿ. ಅದರ ಕೆಲಸ ಬ್ಯಾರೆ ಅದ, ಮತ್ತ ಅದು ತೂಕಕ್ಕಿಂತಾ ದೊಡ್ಡ ಕೆಲಸ.

ಮೊದಲ ಇದು ಹೆಂಗ ಎಣಿಸತದ ತಿಳಕೊಳ್ಳೂಣು. ಗಡಿಯಾರ ಬಿಚ್ಚಿ ಹಿಂದ ನೋಡ್ರಿ, ಹಸರ ದೀಪಾ ಮಿಣಮಿಣ ಅಂತಿರತದ. ರಕ್ತ ಹಸರ ಬೆಳಕನ್ನ ಹೀರಕೋತದ. ಎದಿ ಒಮ್ಮೆ ಬಡದಾಗ ಮುಂಗೈಗೆ ರಕ್ತ ಜಾಸ್ತಿ ಬರತದ, ಆವಾಗ ಬೆಳಕು ಜಾಸ್ತಿ ಹೀರತದ. ಎರಡ ಬಡಿತದ ನಡುವ ಕಮ್ಮಿ. ಆ ಹೆಚ್ಚು-ಕಮ್ಮೀನ ಎಣಿಸಿ ನಂಬರ್ ತೋರಸತದ, ಇಷ್ಟ. ಅದಕ್ಕ ಸಡಲ ಕಟಗೊಂಡ್ರ, ಬಳಿಗೆ ತಾಗಿ ಅಲ್ಲಾಡಿದ್ರ ಲೆಕ್ಕಾ ತಪ್ಪತದ. ಮಣಿಕಟ್ಟಿನ ಎಲವಿಗಿಂತ ಒಂದ ಬಟ್ಟು ಮ್ಯಾಲೆ, ಬಳಿ ತಾಗದಂಗ ಸ್ವಲ್ಪ ಬಿಗಿ ಕಟ್ಟಬೇಕು. ಆಟಗಾರರು ಎದಿಗೆ ಕಟಗೊಳ್ಳೂ ಪಟ್ಟಿ ಬ್ಯಾರೆ, ಅದು ಹೃದಯದ ವಿದ್ಯುತ್ತನ್ನ ಹಿಡಿತದ, ಹೆಚ್ಚ ಕರಾರುವಾಕ್ಕು. ವೈರ್ ಇಲ್ಲದ ಅಂಥಾ ಸಾಧನ ಮೊದಲ ತಂದದ್ದು ಫಿನ್ಲೆಂಡಿನ ಪೋಲಾರ್ ಕಂಪನಿ, 1982ರಾಗ. ಹಿಮದಾಗ ಸ್ಕೀ ಆಡೋ ಕ್ರೀಡಾಪಟುಗಳ ತರಬೇತಿ ಸಲುವಾಗಿ ಹುಟ್ಟಿದ್ದು ಈಗ ನಮ್ಮ ಅಡಗಿಮನಿತನಕಾ ಬಂದದ.

ಅಡಗಿಮನ್ಯಾಗ ಅದು ಏನ ಹೇಳತದ? ನಾನು ಒಂದ ವಾರ ಕೆಲಸದ ನಡುವ ನೋಡಿ ನೋಡಿ ಕ್ಯಾಲೆಂಡರ್ ಹಿಂದ ಬರದ ಇಟ್ಟೆ. ಕೂತಾಗ 76. ಜ್ವಾಳದ ರೊಟ್ಟಿ ಬಡಿಯೋವಾಗ 90ರ ಆಜೂಬಾಜೂ. ಭಾಂಡಿ ತಿಕ್ಕೂವಾಗ 88. ಬಗ್ಗಿ ನೆಲಾ ಒರಸೂವಾಗ 100 ದಾಟತದ, ಖರೇ, ಆದ್ರ ಪಡಸಾಲಿ ಮುಗಿಯೂದರಾಗ ಬಾಗಲಾ ಬಡೀತಾರ, ಇಲ್ಲಾ ಕುಕ್ಕರ್ ಸೀಟಿ ಹೊಡಿತದ, ಮತ್ತ 85ಕ್ಕ ಇಳೀತದ. ಹಸಿ ಅರಿವಿ ಬಕೀಟು ಹೊತ್ತು ಮಾಳಗಿ ಏರಿದಾಗ 118, ಅದೂ ಎರಡ ನಿಮಿಷ. ಸಂಜೀಮುಂದ ದಣಿವಂತೂ ಆಗೇ ಆಗಿರತದ. ಕಾಲು ನೋಯತಾವ, ನಡಾ ಹಿಡದಿರತದ. ಆದ್ರ ದಣಿವಾಗೂದು ಬ್ಯಾರೆ, ಎದಿಗೆ ವ್ಯಾಯಾಮ ಆಗೂದು ಬ್ಯಾರೆ. ದಿನಾ ಪೂರ್ತಿ ದಣದೂ ಎದಿಗೆ ಹತ್ತ ನಿಮಿಷದ ವ್ಯಾಯಾಮ ಸೈತ ಆಗಿರೂದಿಲ್ಲ.

ನಮ್ಮ ಅಜ್ಜಿ ಕಾಲದಾಗ ಈ ಮಾತು ಸುಳ್ಳ ಇರಲಿಲ್ಲ. ಬೀಸೂಕಲ್ಲು, ಒಳಕಲ್ಲು, ಒನಕಿ, ಬಾವಿಯಿಂದ ನೀರು ಸೇದೂದು, ಕಲ್ಲಿನ ಮ್ಯಾಲೆ ಅರಿವಿ ಬಡಿಯೂದು. ಅದು ಮನಿ ಕೆಲಸ ಹೌದು, ಎದಿ ಬಡಿತ ಏರಸೂ ಕೆಲಸನೂ ಹೌದು. ಈಗ ಗಿರಣಿ, ಮಿಕ್ಸರ್, ಗ್ಯಾಸ್, ನಳ, ವಾಷಿಂಗ್ ಮಶೀನು ಬಂದಾವ. ಛಲೋನ ಆತು, ಯಾರಿಗೂ ಆ ಕಷ್ಟ ಮತ್ತ ಬ್ಯಾಡ. ಆದ್ರ ಕೆಲಸದ ಭಾರ ಹೋತು, ಕೆಲಸದ ತಾಸು ಹಂಗ ಉಳೀತು. ನಿಲ್ಲೂದು, ಬಗ್ಗೂದು, ಮತ್ತ ನಿಲ್ಲೂದು. ಮಾತು ಮಾತ್ರ ಅಜ್ಜಿ ಕಾಲದ್ದ ನಡದದ. ಈಗೂ ಹೊಲದಾಗ ಕಳೆ ತಗಿಯೋ, ಹೊರಿ ಹೊರೂ ಹೆಣ್ಣಮಕ್ಕಳಿಗೆ ನಾನು ಹೇಳೂದು ಅನ್ವಯಿಸೂದಿಲ್ಲ. ಗ್ಯಾಸ್ ಕಟ್ಟಿ ಮುಂದ ನಿಲ್ಲೂ ನಮ್ಮಂಥವರಿಗೆ ಇದು.

ಹಂಗಾದ್ರ ಎದಿ ಎಷ್ಟು ಬಡೀಬೇಕು? ಎಲ್ಲಾರೂ ಹೇಳೂ ಲೆಕ್ಕ ಅಂದ್ರ 220ರಾಗ ನಿಮ್ಮ ವಯಸ್ಸು ಕಳೀರಿ ಅಂತ. ಬಂದದ್ದು ನಿಮ್ಮ ಎದಿ ಬಡಿಯಬಹುದಾದ ಹೆಚ್ಚಿನ ಸಂಖ್ಯೆ. ಈ ಲೆಕ್ಕ 1971ರ ಹೊತ್ತಿಗೆ ಅಮೆರಿಕದಾಗ ಬಂದದ್ದು, ಭಾಳ ಸ್ಥೂಲ ಲೆಕ್ಕ. 2010ರಾಗ ಶಿಕಾಗೋದಾಗ ಮಾರ್ಥಾ ಗುಲಾಟಿ ಅನ್ನೋ ಹೃದಯದ ಡಾಕ್ಟರ್ ಮತ್ತ ಅವರ ಜೋಡಿಯವರು 5,437 ಹೆಣ್ಣಮಕ್ಕಳನ್ನ ಪರೀಕ್ಷಾ ಮಾಡಿದ್ದನ್ನ ಆಧಾರ ಇಟಗೊಂಡು, ಹೆಣ್ಣಮಕ್ಕಳಿಗೆ ಬ್ಯಾರೆ ಲೆಕ್ಕ ಕೊಟ್ಟರು. ವಯಸ್ಸನ್ನ 0.88ರಿಂದ ಗುಣಿಸಿ, ಬಂದದ್ದನ್ನ 206ರಾಗ ಕಳಿಯೂದು. 55 ವಯಸ್ಸಿನಾಕಿಗೆ ಹಳೇ ಲೆಕ್ಕದಾಗ 165 ಬರತದ, ಈ ಲೆಕ್ಕದಾಗ 158. ಗಡಿಯಾರ ಹಳೇ ಲೆಕ್ಕಾನ ಹಿಡದು ಕೂತಿದ್ರ, ನಮ್ಮನ್ನ ಬೇಕಾದ್ದಕ್ಕಿಂತ ಜೋರ ಓಡಸಲಿಕ್ಕೆ ನೋಡತದ. ಇದನ್ನ ನಮಗ ಯಾರೂ ಹೇಳಿರೂದಿಲ್ಲ ನೋಡ್ರಿ.

ಆ ಹೆಚ್ಚಿನ ಸಂಖ್ಯೆಯ ಶೇಕಡಾ 64ರಿಂದ 76ರ ನಡುವ ಬಡದರ ಮಧ್ಯಮ ವ್ಯಾಯಾಮ ಅಂತಾರ. ಹೆಣ್ಣಮಕ್ಕಳ ಲೆಕ್ಕದಾಗ, 45 ವಯಸ್ಸಿಗೆ ಸುಮಾರು 106ರಿಂದ 126, 55ಕ್ಕ 101ರಿಂದ 120, 65ಕ್ಕ 95ರಿಂದ 113. ಇವೂ ಕಲ್ಲಾಗ ಕೊರದ ಸಂಖ್ಯೆ ಅಲ್ಲ, ಒಬ್ಬೊಬ್ಬರಿಗೆ ಹತ್ತು-ಹನ್ನೆರಡು ಆಕಡೆ ಈಕಡೆ ಆಗತದ. ವಿಶ್ವ ಆರೋಗ್ಯ ಸಂಸ್ಥೆಯವರು 2020ರಾಗ ಹೇಳಿದ್ದು ವಾರಕ್ಕ 150ರಿಂದ 300 ನಿಮಿಷ ಇಂಥಾ ಮಧ್ಯಮ ವ್ಯಾಯಾಮ ಬೇಕು ಅಂತ. ಅಂದ್ರ ವಾರದಾಗ ಐದ ದಿನಾ, ದಿನಕ್ಕ ಅರ್ಧಾ ತಾಸರ ಬೇಕೇ ಬೇಕು. ಸಾಧನಕೇರಿ ಸುತ್ತ ಇಲ್ಲಾ ಉಣಕಲ್ ಕೆರಿ ದಂಡಿಗೆ ಗೆಳತ್ಯಾರ ಜೋಡಿ ಸೊಸಿ ಸುದ್ದಿ ಮಾತಾಡಕೋತ ನಡದರ ನನ್ನ ನಂಬರ್ 95 ದಾಟೂದಿಲ್ಲ. ಕೈ ಬೀಸಿ ಸರಸರ ನಡದರ 112. ಅದ ಹಾದಿ, ಅದ ಹೊತ್ತು. ವ್ಯತ್ಯಾಸ ಮಾತ್ರ ಇಷ್ಟು. ಗಡಿಯಾರದ ಖರೇ ಉಪಯೋಗ ಇದು. ನಾವು ಎಷ್ಟು ಹೆಜ್ಜಿ ಹಾಕಿದ್ವಿ ಅನ್ನೂದಕ್ಕಿಂತ, ಎದಿಗೆ ಅದು ತಟ್ಟೇತೋ ಇಲ್ಲೋ ಅಂತ ಹೇಳತದ.

ಇನ್ನ ತೂಕದ ಮಾತು. ಗಡಿಯಾರ ಇನ್ನೊಂದು ನಂಬರ್ ತೋರಸತದ, ಕ್ಯಾಲರಿ. ಅದನ್ನ ನಂಬಬ್ಯಾಡ್ರಿ. 2017ರಾಗ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಥರದ ಕೈಪಟ್ಟಿ ಪರೀಕ್ಷಾ ಮಾಡಿದರು. ಎದಿ ಬಡಿತದಾಗ ಆರು ಪಟ್ಟಿ ಶೇಕಡಾ 5ರೊಳಗ ಸರೀ ಬಂದವು. ಕ್ಯಾಲರಿದಾಗ ಎಲ್ಲಾಕ್ಕಿಂತಾ ಛಲೋ ಇದ್ದ ಪಟ್ಟಿನೂ ಸರಾಸರಿ ಶೇಕಡಾ 27 ತಪ್ಪಿತು, ಎಲ್ಲಾಕ್ಕಿಂತಾ ಕೆಟ್ಟದ್ದು ಶೇಕಡಾ 93! ಅಂಗಡಿಯವನ ತಕ್ಕಡಿ ಹಿಂಗ ತೂಗಿದ್ರ ನಾವು ಬಿಡತಿದ್ವಿ ಏನು? ಅದರಾಗ ಎಷ್ಟೋ ಗಡಿಯಾರ ನಾವು ಸುಮ್ನ ಕೂತಿದ್ರೂ ಖರ್ಚಾಗೂ ಕ್ಯಾಲರೀನೂ ಕೂಡಿಸೇ ತೋರಸತಾವ.

ಖರೇ ಲೆಕ್ಕ ಸಣ್ಣದು. 65 ಕಿಲೋ ಇದ್ದಾಕಿ ಅರ್ಧಾ ತಾಸು ಸರಸರ ನಡದರ ಸುಮಾರು 140 ಕ್ಯಾಲರಿ. ಅದರಾಗ ಕೂತಿದ್ರೂ ಹೋಗತಿದ್ದದ್ದು ಬಿಟ್ಟರ ನೂರರ ಮ್ಯಾಲೆ ಸ್ವಲ್ಪ. ಒಂದು ದೊಡ್ಡ ಚಮಚೆ ತುಪ್ಪದಾಗ ಅದಕ್ಕಿಂತಾ ಜಾಸ್ತಿ ಅದ. ಒಂದ ಕಿಲೋ ಬೊಜ್ಜು ಅಂದ್ರ ಸುಮಾರು 7,700 ಕ್ಯಾಲರಿ. ವಾರಕ್ಕ ಐದ ದಿನಾ ಹಿಂಗ ನಡದರ, ಊಟಾ ಒಂದೀಟೂ ಹೆಚ್ಚಾಗದಿದ್ರ, ಒಂದ ಕಿಲೋಕ್ಕ ಮೂರೂವರಿ ತಿಂಗಳು ಬೇಕು. "ಇವತ್ತ ಗಡಿಯಾರ 400 ತೋರಿಸೇದ, ಇನ್ನೊಂದು ಹೋಳಿಗಿ ಹಾಕವಾ" ಅಂದ್ರ ಮುಗೀತು. 2016ರಾಗ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಎರಡ ವರ್ಷದ ಅಭ್ಯಾಸ ಪ್ರಕಟ ಮಾಡಿದರು. ಎಲ್ಲಾರಿಗೂ ಊಟದ ಪಥ್ಯ, ವ್ಯಾಯಾಮದ ಸಲಹೆ ಇತ್ತು. ಅರ್ಧಾ ಮಂದಿಗೆ ಮ್ಯಾಲೆ ತೋಳಿಗೆ ಕಟ್ಟೂ ಯಂತ್ರಾನೂ ಕೊಟ್ಟಿದ್ದರು. ಯಂತ್ರ ಕಟಗೊಂಡವರು ಸರಾಸರಿ 3.5 ಕಿಲೋ ಇಳದರು, ಯಂತ್ರ ಇಲ್ಲದವರು 5.9 ಕಿಲೋ. ಅವರೆಲ್ಲಾ 18ರಿಂದ 35ರೊಳಗಿನ ಹುಡುಗ್ರು, ನಮ್ಮ ವಯಸ್ಸಿನವರಲ್ಲ. ಆದ್ರೂ ಯಂತ್ರ ಕಟಗೊಂಡ ಕೂಡಲೇ ತೂಕಾ ಇಳೀತದ ಅನ್ನೂ ಭ್ರಮಾ ಬಿಡಲಿಕ್ಕೆ ಅಷ್ಟ ಸಾಕು.

ಗಡಿಯಾರದಾಗ "ಫ್ಯಾಟ್ ಬರ್ನ್" ಅಂತ ಒಂದ ಪಟ್ಟಿ ಬರತದ. ಅಲ್ಲೇ ನಿಂತರ ಬೊಜ್ಜು ಕರಗತದ ಅಂತ ಭಾಳ ಮಂದಿ ತಿಳಕೊಂಡಾರ. ನಿಧಾನ ನಡದಾಗ ಮೈ ಉರಸೂ ಸೌದಿಯೊಳಗ ಕೊಬ್ಬಿನ ಪಾಲು ಜಾಸ್ತಿ ಅನ್ನೂದು ಖರೇ, ಆದ್ರ ಒಟ್ಟ ಸೌದಿನ ಕಮ್ಮಿ. ತೂಕಕ್ಕ ಲೆಕ್ಕ ಆಗೂದು ಒಟ್ಟು. ತೂಕಾ ಇಳೀಬೇಕಾದ್ರ ತಾಟಿನ ಕಡೆ ನೋಡ್ರಿ, ಗಡಿಯಾರದ ಕಡೆ ಅಲ್ಲ.

ಹಂಗಾದ್ರ ತೂಕಾ ಇಳಿಯದಿದ್ರ ಯಾಕ ನಡೀಬೇಕು? ಎದಿ ಸಲುವಾಗಿ. ಮುಟ್ಟು ನಿಂತ ಮ್ಯಾಲೆ ನಮಗ ಹೃದಯದ ಬ್ಯಾನಿ ಬರೂ ಸಾಧ್ಯತಾ ಹೆಚ್ಚತದ. ತೂಕಾ ಹಂಗ ಇದ್ರೂ ನಡಿಯೋವಾಕಿಗೆ ಬಿ.ಪಿ., ಸಕ್ಕರಿ, ಎದಿ ಎಲ್ಲಾದಕ್ಕೂ ಉಪಯೋಗ ಅದ. ತಕ್ಕಡಿ ಮುಳ್ಳು ಸರೀಲಿಲ್ಲ ಅಂತ ಎರಡನೇ ತಿಂಗಳಿಗೆ ವಾಕಿಂಗ್ ಬಿಡೂ ನಮ್ಮ ಓಣಿ ಅಕ್ಕಂದಿರಿಗೆ ನಾನು ಹೇಳೂದು ಇಷ್ಟ. ಮುಂಜಾನೆ ಎದ್ದ ಕೂಡಲೇ, ಚಾ ಕುಡಿಯೋಕಿಂತ ಮೊದಲ ನಾಡಿ ಎಷ್ಟದ ಬರೀರಿ. ತಿಂಗಳಗಟ್ಟಲೆ ಸರಸರ ನಡದವರಿಗೆ ಆ ನಂಬರ್ ಮೆಲ್ಲಕ ಇಳೀತದ. ಅದ ಏರು ಹಾದಿ ಮೊದಲ 120 ತೋರಸತಿದ್ದದ್ದು ಆಮ್ಯಾಲೆ 112 ತೋರಸತದ. ತಕ್ಕಡಿ ಹೇಳದಿದ್ದ ಮಾತನ್ನ ಎದಿ ಹೇಳತದ.

ಆದ್ರ ಈ ನಂಬರ್ ಬೆನ್ನ ಹತ್ತಬಾರದವರೂ ಇದ್ದಾರ. ಬಿ.ಪಿ.ಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಇಂಥಾ ಗುಳಿಗಿ ತಗೊಳ್ಳೋವರು, ಅರ್ಧ ತಲಿನೋವಿಗೆ ಪ್ರೊಪ್ರನೊಲಾಲ್ ತಗೊಳ್ಳೋವರು ಎಷ್ಟ ನಡದರೂ ಎದಿ ಬಡಿತ ಏರೂದಿಲ್ಲ, ಗುಳಿಗಿನ ಹಿಡದಿರತದ. ಅಂಥವರು ನಂಬರ್ ಮುಟ್ಟಸಲಿಕ್ಕೆ ಓಡಿದ್ರ ಅಪಾಯ. ರಕ್ತ ಕಮ್ಮಿ ಇದ್ದವರಿಗೆ, ಥೈರಾಯ್ಡ್ ಹೆಚ್ಚಾದವರಿಗೆ ಉಲ್ಟಾ, ಸುಮ್ನ ಕೂತರೂ ಏರಿರತದ. ಕೂತಾಗ ಯಾವಾಗ್ಲೂ 100ರ ಮ್ಯಾಲೆ ಇದ್ರ ಡಾಕ್ಟರಿಗೆ ತೋರಸ್ರಿ. ಮತ್ತ ನಡಿಯೋವಾಗ ಎದಿ ಬಿಗದರ, ಗದ್ದ, ಬೆನ್ನು, ಭುಜಾ ನೋಯಿಸಿದ್ರ, ಬೆವತು ದಮ್ಮ ಹತ್ತಿದ್ರ ನಿಂತಬಿಡ್ರಿ, ಲಗೂನ ದವಾಖಾನಿಗೆ ಹೋಗ್ರಿ. ಗಡಿಯಾರ 90 ತೋರಸಲಿಕ್ಕತ್ತೇದ, ಗ್ಯಾಸ್ ಇರಬೇಕು, ಸೋಡಾ ಕುಡದರ ಹೋಗತದ ಅಂತ ಕೂಡಬ್ಯಾಡ್ರಿ. ಎದಿ ಬಡಿತ ಎಣಿಸೂ ದೀಪಾ ಹಾರ್ಟ್ ಅಟ್ಯಾಕ್ ಹಿಡಿಯೂದಿಲ್ಲ.

ಗಡಿಯಾರ ಇಲ್ಲದವರು ಕೊಳ್ಳಬೇಕಂತ ಏನೂ ಇಲ್ಲ. ಹೆಬ್ಬಟ್ಟಿನ ಬುಡಕ, ಮುಂಗೈ ಮ್ಯಾಲೆ ಎರಡ ಬಟ್ಟು ಇಟ್ಟು 15 ಸೆಕೆಂಡು ಎಣಿಸಿ ನಾಕರಿಂದ ಗುಣಿಸ್ರಿ, ಅದ ನಂಬರ್ ಬರತದ. ಅದೂ ಬ್ಯಾಡಂದ್ರ ಇನ್ನೂ ಸರಳ ಅದ. ನಡಿಯೋವಾಗ ಮಾತಾಡಲಿಕ್ಕೆ ಬರಬೇಕು, ಆದ್ರ ದೇವರನಾಮ ಹಾಡಲಿಕ್ಕೆ ಬರಬಾರದು. ರಾಗ ಎಳದು ಹಾಡಲಿಕ್ಕೆ ಬಂತಂದ್ರ ನಡಿಗಿ ಮಂದ ಆತು. ಮಾತ ಬರಲಾರದಷ್ಟು ದಮ್ಮ ಹತ್ತಿದ್ರ ಜೋರಾತು. ಗುಳಿಗಿ ತಗೊಳ್ಳೋವರಿಗೂ ಇದ ಸರೀ ಅಳತಿ.

"ಇದೂ ಒಂದು ಚಿಂತಿ ತಗೊಂಡಂಗಾತು, ಹೊತ್ತ ಹೊತ್ತಿಗೆ ನಂಬರ್ ನೋಡಕೋತ ಕೂಡೂದು" ಅಂತ ನಮ್ಮ ಮೌಶಿ ಅಂತಾರ. ಅವರ ಮಾತಿನಾಗ ಹುರುಳದ. ರಾತ್ರಿ ಎದ್ದು ನಂಬರ್ ನೋಡೂ ಮಟ್ಟಕ್ಕ ಬಂದ್ರ ಬಿಚ್ಚಿ ಇಡೂದ ಛಲೋ. ನಡಿಗಿ ಹದಾ ಸಿಕ್ಕ ಮ್ಯಾಲೆ ಗಡಿಯಾರದ ಕೆಲಸ ಅರ್ಧಾ ಮುಗೀತದ. ಆದ್ರ ಒಂದ ಕೆಲಸಕ್ಕ ಅದು ಬೇಕು ಅಂತ ನನಗನಸತದ. "ದಿನಾ ಪೂರ್ತಿ ಕೆಲಸ ಮಾಡತೀ, ಮತ್ತ್ಯಾಕ" ಅಂತ ಕೇಳಿದಾಗ ವಾದಾ ಮಾಡೂದು ಬ್ಯಾಡ. ರೊಟ್ಟಿ ಬಡಿಯೋವಾಗ ಕೈ ಚಾಚಿ ನಂಬರ್ ತೋರಸ್ರಿ. ನಡದು ಬಂದು ಮತ್ತ ತೋರಸ್ರಿ.

ದಿನಕ್ಕ ಅರ್ಧಾ ತಾಸು ಅಂದ್ರ ಸಂಜೀ ಚಾ ಬ್ಯಾರೆಯವರು ಮಾಡಬೇಕು, ಸೀಟಿ ಬ್ಯಾರೆಯವರು ಎಣಿಸಬೇಕು. ಮನ್ಯಾಗ ಮುನಸು ಬರೂದು ಅಲ್ಲೇ, ಗಡಿಯಾರದ ರೊಕ್ಕದಾಗಲ್ಲ. ಮಕ್ಕಳು ಗಡಿಯಾರ ಕೊಡಸಿದ್ರ ಛಲೋ, ಜೋಡಿ ಆ ಅರ್ಧಾ ತಾಸನ್ನೂ ಕೊಡ್ರಿ ಅಂತ ಕೇಳ್ರಿ. ಕೊಡದಿದ್ರ ಒಲಿ ಆರಿಸಿ ಚಪ್ಪಲಿ ಮೆಟಗೋರಿ, ವೈನಿ. ಅರ್ಧಾ ತಾಸು ತಡಾ ಆದ್ರ ಅನ್ನಕ್ಕೇನೂ ಆಗೂದಿಲ್ಲ.