ಫಲಿತಾಂಶದಲ್ಲಿ ಕಾಣದ ಮಕ್ಕಳು



ಬೇಸಿಗೆ ರಜೆ ಮುಗಿಯುತ್ತ ಬಂತೆಂದರೆ ಸಾಕು, ಅರಿಶಿನ-ಕುಂಕುಮಕ್ಕೆ ಹೋದ ಕಡೆಯಲ್ಲೆಲ್ಲ ಒಂದೇ ಮಾತು. "ಐದನೇ ಕ್ಲಾಸು ಮುಗೀತಲ್ಲ, ಆರಕ್ಕೆ ಎಲ್ಲಿಗೆ ಹಾಕ್ತೀರಿ?" "ಸರ್ಕಾರಿ ಶಾಲೆಗೇ" ಎಂದಿರೋ, ಕೇಳಿದವರ ಮುಖ ಸಪ್ಪಗಾಗುತ್ತದೆ. "ಅಯ್ಯೋ, ಅಲ್ಲಿ ಏನ್ ಓದಿಸ್ತಾರೆ ಬಿಡಿ!" ಎಂಬ ಮಾತು ಬಂದೇ ಬರುತ್ತದೆ. ಆ ಮಾತು ನಿಜವೇ? ಇವತ್ತು ಸ್ವಲ್ಪ ಕೂತು ಯೋಚಿಸೋಣ, ಬನ್ನಿ.

ಉದಾಹರಣೆಗೆ ನಮ್ಮ ರಾಜ್ಯದ ಪುಟ್ಟ ಜಿಲ್ಲೆ ಕೊಡಗನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 5,54,519. ರಾಜ್ಯದ ಜಿಲ್ಲೆಗಳಲ್ಲೆಲ್ಲ ಇದೇ ಅತಿ ಕಡಿಮೆ. ಸಾವಿರ ಗಂಡಸರಿಗೆ 1,019 ಹೆಂಗಸರು. ಓದು-ಬರಹ ಬಲ್ಲವರು ನೂರಕ್ಕೆ 82ಕ್ಕೂ ಹೆಚ್ಚು. ಆಗ ಇಡೀ ರಾಜ್ಯದ ಲೆಕ್ಕ 75ರ ಆಸುಪಾಸಿನಲ್ಲಿತ್ತು. ಎಸ್‌.ಎಸ್‌.ಎಲ್‌.ಸಿ. ಫಲಿತಾಂಶದಲ್ಲೂ ಈ ಜಿಲ್ಲೆ 2024ರಲ್ಲಿ ನಾಲ್ಕನೆಯ ಸ್ಥಾನ, 2025ರಲ್ಲಿ ಐದನೆಯ ಸ್ಥಾನ ಪಡೆಯಿತು. "ಮತ್ತೇನು ಚಿಂತೆ?" ಎನ್ನುತ್ತೀರೇನೋ.

ಚಿಂತೆ ಇರುವುದು ಇಲ್ಲೇ ನೋಡಿ. ಹತ್ತನೆಯ ತರಗತಿಯ ಫಲಿತಾಂಶ ಎಣಿಸುವುದು ಹತ್ತನೆಯ ತರಗತಿಯವರೆಗೆ ಬಂದ ಮಕ್ಕಳನ್ನು ಮಾತ್ರ. ಆರರಲ್ಲೋ ಏಳರಲ್ಲೋ ಚೀಲ ಕೆಳಗಿಟ್ಟ ಮಗು ಆ ಲೆಕ್ಕದಲ್ಲಿ ಫೇಲೂ ಅಲ್ಲ, ಪಾಸೂ ಅಲ್ಲ. ಲೆಕ್ಕದಲ್ಲೇ ಇಲ್ಲ!

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಬೆಂಚಿನ ಮೇಲೆ ಕೂತವರು ಯಾರು? ಕೈಯಲ್ಲಿ ನಾಲ್ಕು ಕಾಸಿರುವ ಮನೆಗಳ ಮಕ್ಕಳಲ್ಲಿ ಬಹಳ ಮಂದಿ ಖಾಸಗಿ ಶಾಲೆಯ ಬಸ್ಸು ಹತ್ತುತ್ತಾರೆ. ಉಳಿದವರಲ್ಲಿ ಕಾಫಿ ತೋಟದ ಲೈನ್ ಮನೆಯ ಮಕ್ಕಳುಂಟು, ಹಾಡಿಯ ಮಕ್ಕಳುಂಟು. ಜಿಲ್ಲೆಯಲ್ಲಿ ನೂರಕ್ಕೆ ಹತ್ತು ಮಂದಿ ಪರಿಶಿಷ್ಟ ಪಂಗಡದವರು; ಎರವರು, ಜೇನು ಕುರುಬರು ಇವರಲ್ಲಿ ಸೇರಿದ್ದಾರೆ. ಮನೆಯ ಮಾತೂ ಒಂದೇ ಅಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಎರವ ಹೀಗೆ ಒಬ್ಬೊಬ್ಬರದು ಒಂದೊಂದು. ಕನ್ನಡವನ್ನು ಶಾಲೆಗೆ ಬಂದ ಮೇಲೆಯೇ ಚೆನ್ನಾಗಿ ಕಲಿಯಬೇಕಾದ ಮಕ್ಕಳೂ ಇದ್ದಾರೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅಪ್ಪ-ಅಮ್ಮ ತೋಟದಿಂದ ತೋಟಕ್ಕೆ ಹೋದರೆ ಮಗುವಿನ ಹಾಜರಿ ತಪ್ಪುತ್ತದೆ. ಮಳೆಗಾಲದ ರಜೆ ಬೇರೆ. ಮನೆಯಲ್ಲಿ "ಪಾಠ ಓದಿದ್ಯಾ?" ಎಂದು ಕೇಳುವವರಿಗೇ ಅಕ್ಷರ ಬಾರದಿದ್ದರೆ, ಆ ಮಗು ಒಂಟಿಯಾಗಿ ಬೆಟ್ಟ ಹತ್ತಿದ ಹಾಗೆ.

ರಾತ್ರಿ ನೆನೆಸಿಟ್ಟ ಕಡಲೆಕಾಳು ಬೇಗ ಬೇಯುತ್ತದೆ, ನೆನೆಸದ್ದು ಬೇಯುವುದಕ್ಕೆ ಹೊತ್ತು ಬೇಕು. ಅದಕ್ಕೆ ಒಲೆಯನ್ನು ಬೈಯುತ್ತೇವೆಯೇ? ಎರಡು ಶಾಲೆಗಳ ಅಂಕವನ್ನು ಪಕ್ಕಪಕ್ಕ ಇಟ್ಟು ತೂಗುವಾಗ ನಾವು ಮಾಡುವುದು ಹೀಗೆಯೇ ಅಲ್ಲವೇ?

ಹಾಗಂತ ಶಾಲೆಯದೇನೂ ತಪ್ಪಿಲ್ಲ ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. 2022ರ 'ಅಸರ್' ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಗಳಲ್ಲಿ ಎಂಟನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಸುಮಾರು 70. ಭಾಗಾಕಾರ ಮಾಡಬಲ್ಲವರು ಸುಮಾರು 45. ಇದು ಸರ್ಕಾರಿ, ಖಾಸಗಿ ಎರಡೂ ಶಾಲೆಗಳ ಮಕ್ಕಳು ಸೇರಿದ ಲೆಕ್ಕ. ಅಂದಮೇಲೆ ಟೈ ಕಟ್ಟಿದ ಮಾತ್ರಕ್ಕೆ ನೆಮ್ಮದಿಯಿಂದ ಇರುವ ಹಾಗಿಲ್ಲ.

ಇನ್ನೊಂದು ಅಪಾಯದ ಹೊಸಿಲು ಉಂಟು. ನಮ್ಮಲ್ಲಿ ಅನೇಕ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ಮುಗಿಯುತ್ತವೆ. ಎಂಟಕ್ಕೆ ಬೇರೆ ಶಾಲೆ, ಬೇರೆ ದಾರಿ, ಹೊಸ ಮುಖಗಳು. ಹುಡುಗಿಯ ಮೈನೆರೆಯುವ ವಯಸ್ಸೂ ಅದೇ. "ಅಷ್ಟು ದೂರ ಒಬ್ಬಳನ್ನೇ ಹೇಗೆ ಕಳಿಸೋದು? ತಮ್ಮನ್ನ ನೋಡ್ಕೊಂಡಿರಲಿ" ಎಂಬ ಒಂದು ಮಾತಿನಲ್ಲಿ ಅವಳ ಓದು ನಿಂತುಹೋಗಬಹುದು. 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯಂತೆ ಆರರಿಂದ ಹದಿನಾಲ್ಕು ವರ್ಷದ ಪ್ರತಿ ಮಗುವಿಗೂ ಎಂಟನೆಯವರೆಗಿನ ಓದು ಹಕ್ಕು. ಅದು ಯಾರ ದಯೆಯೂ ಅಲ್ಲ.

ಹಾಗಾದರೆ ಶಾಲೆ ನೋಡಲು ಹೋದಾಗ ಏನು ಕೇಳಬೇಕು? ಇಷ್ಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳಿ.

ಹೋದ ವರ್ಷ ಏಳು ಮುಗಿಸಿದವರಲ್ಲಿ ಎಷ್ಟು ಮಂದಿ ಎಂಟಕ್ಕೆ ಸೇರಿದರು? ಹೆಣ್ಣುಮಕ್ಕಳು ಎಷ್ಟು?

ಆರರಿಂದ ಎಂಟರವರೆಗೆ ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬ ಶಿಕ್ಷಕರಿರಬೇಕು, 35 ಮಕ್ಕಳಿಗೆ ಒಬ್ಬರಂತೆ ಇರಬೇಕು ಎನ್ನುತ್ತದೆ ಕಾಯ್ದೆ. ಇದ್ದಾರೆಯೇ?

ಹಿಂದುಳಿದ ಮಗುವಿಗೆ ಬೇರೆ ಕೂರಿಸಿ ಹೇಳಿಕೊಡುತ್ತಾರೆಯೇ, ಇಲ್ಲಾ ಹಿಂದಿನ ಬೆಂಚಿಗೆ ತಳ್ಳುತ್ತಾರೆಯೇ?

ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌.ಡಿ.ಎಂ.ಸಿ., ಸಭೆ ಯಾವಾಗ? ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು. "ನಂಗೇನ್ ಗೊತ್ತಾಗುತ್ತೆ, ಅವರೇ ಹೋಗಲಿ" ಎಂದು ಯಜಮಾನರನ್ನು ಕಳಿಸಿ ಸುಮ್ಮನಾಗಬೇಡಿ. ಬಿಸಿಯೂಟದ ಸಾರು ನೀರಾಗಿದೆಯೋ ಇಲ್ಲವೋ, ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿದೆಯೋ ಇಲ್ಲವೋ, ನಿಮಗಿಂತ ಚೆನ್ನಾಗಿ ಯಾರಿಗೆ ತಿಳಿದೀತು?

ಮನೆಯಲ್ಲೂ ಒಂದು ಕೆಲಸವಿದೆ. ಸಂಜೆ ನೀವು ಪಲ್ಯ ಹೆಚ್ಚುವಾಗ ಮಗ ಅಥವಾ ಮಗಳಿಂದ ಪತ್ರಿಕೆಯ ನಾಲ್ಕು ಸಾಲು ಗಟ್ಟಿಯಾಗಿ ಓದಿಸಿ. ದಿನಸಿ ಚೀಟಿಯ ಲೆಕ್ಕ ಕೂಡಿಸಲು ಹೇಳಿ. ಹತ್ತೇ ನಿಮಿಷ ಸಾಕು, ತಡವರಿಕೆ ಎಲ್ಲಿದೆ ಎಂದು ತಿಳಿದುಬಿಡುತ್ತದೆ. ನಿಮ್ಮ ಮನೆಗೆಲಸಕ್ಕೆ ಬರುವಾಕೆಗೆ ಏಳು ಮುಗಿಸಿದ ಮಗಳಿದ್ದರೆ, "ಎಂಟಕ್ಕೆ ಹೆಸರು ಬರೆಸಿದ್ಯೇನಮ್ಮ?" ಎಂದು ಒಮ್ಮೆ ಕೇಳಿ. ಇಲ್ಲವೆಂದರೆ ಶಾಲೆಯ ತನಕ ಜೊತೆಗೆ ಹೋಗಿಬನ್ನಿ. ಫಲಿತಾಂಶದ ಪಟ್ಟಿಯಿಂದ ಜಾರಿಹೋಗುತ್ತಿದ್ದ ಒಂದು ಹೆಸರು ಅಲ್ಲೇ ಉಳಿದೀತು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಮಾತಾಡೋಣ.